ಡಿಫೆನ್ಸ್ ಗಟ್ಟಿಯಾಗ್ತಿದೆಯಾ? ಸೀಸನ್ ಶುರುವಾಗುವ ಮೊದಲೇ ಪತ್ತೆ ಹಚ್ಚುವುದು ಹೇಗೆ

ಅಮೆರಿಕನ್ ಫುಟ್‌ಬಾಲ್ ನನಗೆ ಅಂಟಿಕೊಂಡಿದ್ದು ಕೆಲಸದಿಂದ. ನಮ್ಮ ಕ್ಲೈಂಟ್ ಕಡೆಯವರೆಲ್ಲ ಫಿಲಡೆಲ್ಫಿಯಾದವರು. ಸೋಮವಾರ ಸಂಜೆ ಕಾಲ್‌ಗೆ ಕೂತರೆ ಮೊದಲ ಹತ್ತು ನಿಮಿಷ ಈಗಲ್ಸ್ ತಂಡದ ಮಾತೇ. ಸುಮ್ನೆ ಕೇಳಿಸಿಕೊಂಡು ಕೂತಿದ್ದವನು ಒಂದು ದಿನ ಪಂದ್ಯ ಹಾಕಿ ನೋಡಿದೆ. ಅಲ್ಲಿಗೆ ಮುಗೀತು. ಅತ್ತ ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ ನ್ಯೂಯಾರ್ಕ್ ಜೈಂಟ್ಸ್ ಕಡೆ. ಈಗಲ್ಸ್‌ಗೂ ಜೈಂಟ್ಸ್‌ಗೂ ಎಣ್ಣೆ ಸೀಗೆಕಾಯಿ. ಹಾಗಾಗಿ ಮನೆಯಲ್ಲೂ ಇದೇ ಮಾತು.

2024ರ ಮಾರ್ಚ್‌ನಲ್ಲಿ ಈಗಲ್ಸ್ ತಂಡ ಬ್ರೈಸ್ ಹಫ್ ಅನ್ನುವ ಆಟಗಾರನನ್ನು 3 ವರ್ಷಕ್ಕೆ ಸುಮಾರು 5 ಕೋಟಿ 10 ಲಕ್ಷ ಡಾಲರ್ ಕೊಟ್ಟು ತಂದಿತು. ನಾನು ಕೂಡಲೇ ಫೋನ್ ಮಾಡಿದೆ. "ಭಾವ, ಈ ಸಲ ನಮ್ಮ ಡಿಫೆನ್ಸ್ ಮುಟ್ಟೋಕಾಗಲ್ಲ ನೋಡಿ." ಅವರು ನಕ್ಕರು. "ಮಾರ್ಚ್‌ನಲ್ಲಿ ಎಲ್ಲರೂ ಚಾಂಪಿಯನ್ನೇ ಕಣಪ್ಪ. ಸೆಪ್ಟೆಂಬರ್ ಬರಲಿ."

ಆ ವರ್ಷ ಈಗಲ್ಸ್ ಡಿಫೆನ್ಸ್ ಬಿಟ್ಟುಕೊಟ್ಟ ಯಾರ್ಡ್ ಲೆಕ್ಕದಲ್ಲಿ ನಿಜಕ್ಕೂ ಎನ್‌ಎಫ್‌ಎಲ್ ಲೀಗಿನಲ್ಲೇ ಮೊದಲ ಸ್ಥಾನಕ್ಕೆ ಬಂತು. ತಂಡ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದಿತು. ನಾನು ಹೇಳಿದ್ದು ಸರಿಯಾಯ್ತು, ಆದರೆ ಕಾರಣ ಪೂರ್ತಿ ತಪ್ಪು. ಸೂಪರ್ ಬೌಲ್ ದಿನ ಹಫ್ ಆಡುವ ಪಟ್ಟಿಯಲ್ಲೇ ಇರಲಿಲ್ಲ. ಅದೇ ಮಾರ್ಚ್‌ನಲ್ಲಿ, ನಾನು ಹೆಸರೂ ಓದದೆ ದಾಟಿಸಿದ್ದ ಒಂದು 35 ಲಕ್ಷ ಡಾಲರ್ ಒಳಗಿನ ಒಪ್ಪಂದವೇ ಆ ಡಿಫೆನ್ಸ್‌ನ ನಡುಗಂಬವಾಗಿತ್ತು.

ಆಮೇಲೆ ಆ ಆಫ್‌ಸೀಸನ್ ಸುದ್ದಿಗಳನ್ನೆಲ್ಲ ಮೊದಲಿನಿಂದ ಮತ್ತೆ ಓದಿದೆ. ಎಲ್ಲಿ ನೋಡಬೇಕಿತ್ತು, ಎಲ್ಲಿ ಸುಮ್ಮನೆ ಕುಣಿದೆ ಅನ್ನುವುದು ಗೊತ್ತಾಯ್ತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ತಂಡ ಯಾವುದಾದರೂ ಇರಲಿ, ಒಂದು ನೋಟ್‌ಬುಕ್ ಇದ್ದರೆ ಸಾಕು.

ಮೊದಲು ಹಾಳೆಯನ್ನು ಮೂರು ಭಾಗ ಮಾಡಿ

ಡಿಫೆನ್ಸ್‌ನಲ್ಲಿ 11 ಜನ. ಅವರನ್ನು ಮೂರು ಸಾಲು ಅಂದುಕೊಳ್ಳಿ. ಮುಂದಿನ ಸಾಲಿನಲ್ಲಿ ಲೈನ್‌ನವರು. ನಡುವೆ ದಪ್ಪ ಆಳುಗಳು, ಎರಡು ಅಂಚಿನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಎದುರಾಳಿಯ ಪಾಸ್ ಎಸೆಯುವವನ ಮೇಲೆ ನುಗ್ಗುವವರು. ಅವರ ಬೆನ್ನಿಗೆ ಲೈನ್‌ಬ್ಯಾಕರ್‌ಗಳು. ಕೊನೆಯ ಸಾಲಿನಲ್ಲಿ ಪಾಸ್ ಕಾಯುವ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಗಳು. ಇವತ್ತಿನ ಆಟದಲ್ಲಿ ಪಾಸ್ ಜಾಸ್ತಿ. ಹಾಗಾಗಿ ಬಹಳ ಸಲ ಕೊನೆಯ ಸಾಲಿನಲ್ಲಿ ಐದು ಜನ ಇರುತ್ತಾರೆ. ಆ ಐದನೆಯವನು ಒಳಗಡೆ, ಸ್ಲಾಟ್ ಅನ್ನುವ ಜಾಗದಲ್ಲಿ ನಿಲ್ಲುತ್ತಾನೆ. ಈ ಸ್ಲಾಟ್ ಜಾಗ ನೆನಪಿರಲಿ, ಮುಂದೆ ಬರುತ್ತದೆ.

ಮೂರು ಸಾಲಿಗೆ ಮೂರು ಕಾಲಂ. ಅಷ್ಟೇ ತಯಾರಿ.

ಸೋತ ಪಂದ್ಯವನ್ನು ಇನ್ನೊಂದು ಸಲ ನೋಡಿ

ಯಾರಿಗೂ ಇಷ್ಟವಿಲ್ಲದ ಕೆಲಸ ಇದು. ನನ್ನ ಮಟ್ಟಿಗೆ ಇದಿಲ್ಲದೆ ಮುಂದಿನದೆಲ್ಲ ಬರೀ ಗಾಳಿಮಾತು. ತಂಡಕ್ಕೆ ಎಲ್ಲಿ ತೂತು ಬಿದ್ದಿದೆ ಅಂತ ಗೊತ್ತಿಲ್ಲದವನಿಗೆ, ಹೊಸದಾಗಿ ಬಂದವನು ತೂತು ಮುಚ್ಚಿದನೋ ಇಲ್ಲವೋ ಹೇಗೆ ತಿಳಿಯಬೇಕು?

2023ರಲ್ಲಿ ಈಗಲ್ಸ್ ಮೊದಲ 11 ಪಂದ್ಯಗಳಲ್ಲಿ 10 ಗೆದ್ದಿತ್ತು. ಆಮೇಲಿನ ಆರರಲ್ಲಿ ಐದು ಸೋತಿತು. ಡಿಸೆಂಬರ್ ನಡುವೆ ಡಿಫೆನ್ಸ್ ನಡೆಸುವ ಕೆಲಸವನ್ನು ಶಾನ್ ದೇಸಾಯಿ ಅವರಿಂದ ತೆಗೆದು ಮ್ಯಾಟ್ ಪ್ಯಾಟ್ರಿಷಿಯಾ ಅವರಿಗೆ ಕೊಟ್ಟರು. ಬೋಟು ಮುಳುಗುವಾಗ ಹುಟ್ಟು ಹಾಕುವವನನ್ನು ಬದಲಿಸಿದ ಹಾಗೆ. ಕೊನೆಗೆ 2024ರ ಜನವರಿ 15ರಂದು ಟ್ಯಾಂಪಾದಲ್ಲಿ ಬಕನಿಯರ್ಸ್ ಎದುರು 32-9ರಿಂದ ಸೋತು ಮನೆಗೆ ಬಂದರು. ಇಡೀ ಸೀಸನ್‌ನಲ್ಲಿ ಅಂಕ ಬಿಟ್ಟುಕೊಟ್ಟ ಲೆಕ್ಕದಲ್ಲಿ 32 ತಂಡಗಳ ಪೈಕಿ 30ನೇ ಸ್ಥಾನ.

ಆ ಟ್ಯಾಂಪಾ ಪಂದ್ಯವನ್ನು ಕಾಗದ ಹಿಡಿದು ನೋಡಿ. ಜಾಹೀರಾತು, ಬಿಡುವು ಕತ್ತರಿಸಿದ ಸುಮಾರು 40 ನಿಮಿಷದ ಆವೃತ್ತಿ ಸಾಕು. ಎದುರಾಳಿ 20 ಯಾರ್ಡ್‌ಗಿಂತ ಜಾಸ್ತಿ ಓಡಿದಾಗಲೆಲ್ಲ ನಿಲ್ಲಿಸಿ. ಮೂರು ಸಾಲಿನಲ್ಲಿ ಯಾರ ಕೈ ಜಾರಿತು ಅಂತ ಆ ಕಾಲಂನಲ್ಲಿ ಒಂದು ಗೆರೆ ಎಳೆಯಿರಿ. ಆ ದಿನ ಡೇವಿಡ್ ಮೂರ್ 44 ಯಾರ್ಡ್, ಟ್ರೇ ಪಾಮರ್ 56 ಯಾರ್ಡ್ ದೂರದ ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಹೊಡೆದರು. ಎರಡರಲ್ಲೂ ಚೆಂಡು ಹಿಡಿದ ಮೇಲೆ ಓಡಿದ್ದೇ ಜಾಸ್ತಿ. ಕಬಡ್ಡಿಯಲ್ಲಿ ರೈಡರ್‌ನ ಕಾಲು ಸಿಕ್ಕಿದಂತಾಗಿ ಜಾರಿ, ಅವನು ಗೆರೆ ಮುಟ್ಟಿದರೆ ಹೇಗೆ ಕಾಣುತ್ತದೆ? ಹಾಗೇ ಇತ್ತು. ಹಿಡಿಯಲು ಬಂದವರ ಕೈಗೆ ಬರೀ ಗಾಳಿ.

ನನ್ನ ಹಾಳೆಯಲ್ಲಿ ಮುಂದಿನ ಸಾಲಿನ ಕಾಲಂ ಬಹುತೇಕ ಖಾಲಿ. ಗೆರೆಗಳೆಲ್ಲ ಎರಡನೇ, ಮೂರನೇ ಸಾಲಿನಲ್ಲಿ. ಅಂದರೆ ಈ ತಂಡಕ್ಕೆ ಬೇಕಿದ್ದುದು ಓಡುತ್ತಿರುವವನನ್ನು ಕೆಡವುವ ಜನ. ನಾನು ಕುಣಿದಾಡಿದ ಹಫ್ ಯಾವ ಸಾಲು? ಮುಂದಿನ ಸಾಲಿನ ಅಂಚು. ಹಾಳೆಯನ್ನು ಜನವರಿಯಲ್ಲೇ ಬರೆದಿದ್ದರೆ ಮಾರ್ಚ್‌ನಲ್ಲಿ ಆ ಫೋನ್ ಮಾಡುತ್ತಿರಲಿಲ್ಲ.

ಆಟಗಾರರಿಗಿಂತ ಮೊದಲು ಕೋಚ್

ಜನವರಿ ಕೊನೆಗೆ ಬರುವ ಸುದ್ದಿ ಇದು. ನಮ್ಮಂಥವರು ಓದದೆ ಬಿಡುವ ಸುದ್ದಿಯೂ ಇದೇ. ಡಿಫೆನ್ಸಿವ್ ಕೋಆರ್ಡಿನೇಟರ್ ಅಂದರೆ ಡಿಫೆನ್ಸ್‌ಗೆ ಮಾತ್ರ ಕೋಚ್. ಪ್ರತಿ ಸಲ ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳುವವರು ಅವರೇ.

ಈಗಲ್ಸ್ ಕರೆದಿದ್ದು ವಿಕ್ ಫ್ಯಾಂಜಿಯೊ ಅವರನ್ನು. ಪೆನ್ಸಿಲ್ವೇನಿಯಾದ ಡನ್ಮೋರ್ ಊರಿನವರು, ಆಗ 65 ದಾಟಿತ್ತು. 1986ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಲ್ಲಿ ಲೈನ್‌ಬ್ಯಾಕರ್‌ಗಳ ಕೋಚ್ ಆಗಿ ಎನ್‌ಎಫ್‌ಎಲ್‌ಗೆ ಬಂದವರು. ಆ ಸೇಂಟ್ಸ್ ಲೈನ್‌ಬ್ಯಾಕರ್‌ಗಳಿಗೆ 'ಡೋಮ್ ಪಟ್ರೋಲ್' ಅನ್ನುವ ಹೆಸರೇ ಬಿದ್ದಿತ್ತು. ಅಂದರೆ ಈ ಮನುಷ್ಯನ ಕಣ್ಣು ಮೊದಲಿನಿಂದಲೂ ನಡುವಿನ ಸಾಲಿನ ಮೇಲೆ.

ಅವರ ಆಟದ ಬಗೆ ಹೀಗೆ. ಇಬ್ಬರು ಸೇಫ್ಟಿಗಳನ್ನು ತುಂಬಾ ಹಿಂದೆ ನಿಲ್ಲಿಸುತ್ತಾರೆ. ತಲೆಯ ಮೇಲಿಂದ ಉದ್ದ ಪಾಸ್ ಹೋಗಬಾರದು, ಅದು ಮೊದಲ ಮಾತು. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಲು ಸಾಮಾನ್ಯವಾಗಿ ನಾಲ್ಕೇ ಜನ. ಐದಾರು ಜನರನ್ನು ಒಟ್ಟಿಗೆ ನುಗ್ಗಿಸುವ ಬ್ಲಿಟ್ಜ್ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಚಿಕ್ಕ ಪಾಸ್ ಬೇಕಾದರೆ ಹಿಡೀಲಿ, ಹಿಡಿದ ಜಾಗದಲ್ಲೇ ಕೆಡವಿ.

ನೋಟ್‌ಬುಕ್ಕಿನಲ್ಲಿ ಇದನ್ನು ಒಂದು ಪ್ರಶ್ನೆ ಮಾಡಿ ಬರೆಯಿರಿ: ಈ ಕೋಚ್‌ನ ಆಟಕ್ಕೆ ಎಂಥ ಜನ ಬೇಕು? ಫ್ಯಾಂಜಿಯೊ ಆಟಕ್ಕೆ ಮೂರು ಬಗೆಯವರು ಬೇಕು. ಸೇಫ್ಟಿಗಳು ಹಿಂದೆ ಹೋದ ಮೇಲೆ ಓಟ ತಡೆಯಲು ಮುಂದೆ ಜನ ಕಮ್ಮಿ. ಹಾಗಾಗಿ ನಡುವಿನ ದಪ್ಪ ಆಳು ಒಬ್ಬನೇ ಇಬ್ಬರನ್ನು ತಡೆದು ನಿಲ್ಲಬೇಕು. ಲೈನ್‌ಬ್ಯಾಕರ್ ಅಗಲಕ್ಕೆ ಓಡಬಲ್ಲವನಾಗಿರಬೇಕು. ಕಾರ್ನರ್‌ಗಳು ಮೈ ಕೊಟ್ಟು ಟ್ಯಾಕಲ್ ಮಾಡುವವರಾಗಿರಬೇಕು.

ಮೊದಲನೆಯವರು ಮನೆಯಲ್ಲೇ ಇದ್ದರು. ಜಾರ್ಡನ್ ಡೇವಿಸ್ 2022ರ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರ ಆಯ್ಕೆಯಲ್ಲಿ) 13ನೆಯವರು, ಜೇಲನ್ ಕಾರ್ಟರ್ 2023ರಲ್ಲಿ 9ನೆಯವರು. ಇಬ್ಬರೂ ಜಾರ್ಜಿಯಾ ವಿಶ್ವವಿದ್ಯಾಲಯದ ತಂಡದಿಂದ ಬಂದವರು. ಉಳಿದ ಎರಡು ಬಗೆ ಹೊರಗಿಂದ ಬರಬೇಕಿತ್ತು. ಇಷ್ಟು ಬರೆದುಕೊಂಡರೆ ಮುಂದಿನ ಮೂರು ತಿಂಗಳ ಸುದ್ದಿ ಓದಲು ನಿಮ್ಮ ಕೈಗೆ ಒಂದು ಜರಡಿ ಸಿಕ್ಕ ಹಾಗೆ.

ಹೋಗುವವರ ಪಟ್ಟಿ

ಇದನ್ನು ಬೇಗ ಮುಗಿಸಬಹುದು. ಮಾರ್ಚ್ ತಿಂಗಳಲ್ಲಿ ಯಾರು ನಿವೃತ್ತಿ, ಯಾರನ್ನು ಬಿಟ್ಟರು, ಯಾರನ್ನು ಬೇರೆ ತಂಡಕ್ಕೆ ಕೊಟ್ಟರು ಅಂತ ನೋಡಿ, ಕಾಲಂನಲ್ಲಿ ಹೆಸರು ಹೊಡೆದು ಹಾಕಿ. ಈಗಲ್ಸ್‌ನಲ್ಲಿ ಫ್ಲೆಚರ್ ಕಾಕ್ಸ್ ನಿವೃತ್ತರಾದರು. 2012ರಿಂದ ಲೈನ್‌ನ ನಡುವೆ ನಿಂತಿದ್ದ ಮನುಷ್ಯ. ಸೇಫ್ಟಿ ಕೆವಿನ್ ಬಯರ್ಡ್ ಅವರನ್ನು ಬಿಟ್ಟರು. 2022ರಲ್ಲಿ 16, 2023ರಲ್ಲಿ 11 ಸ್ಯಾಕ್ (ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು) ಮಾಡಿದ್ದ ಹಸಾನ್ ರೆಡಿಕ್ ಅವರನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳಿಸಿ, 2026ರ ಒಂದು ಡ್ರಾಫ್ಟ್ ಸರದಿ ತೆಗೆದುಕೊಂಡರು.

ರೆಡಿಕ್ ಹೋದಾಗ ಫಿಲಡೆಲ್ಫಿಯಾ ಕಡೆಯವರು ಕಾಲ್‌ನಲ್ಲಿ ಅತ್ತಿದ್ದು ಒಂದೇ ಬಾಕಿ. ಆದರೆ ಹೋದವರ ಜಾಗಕ್ಕೆ ಒಳಗೇ ಯಾರಾದರೂ ಬೆಳೆಯುತ್ತಿದ್ದಾರಾ ಅನ್ನುವುದನ್ನೂ ನೋಡಬೇಕು. ಜಾಶ್ ಸ್ವೆಟ್ ಇದ್ದರು, ನೋಲನ್ ಸ್ಮಿತ್ ಇದ್ದರು. ಹೆಸರಿನ ಪಕ್ಕ ಒಂದು ಬಾಣ ಎಳೆದು, ಆ ಜಾಗಕ್ಕೆ ಯಾರು ಅಂತ ಬರೆಯಿರಿ. ಬಾಣದ ತುದಿಯಲ್ಲಿ ಬರೆಯಲು ಯಾವ ಹೆಸರೂ ಹೊಳೆಯದಿದ್ದರೆ ಅದೇ ನಿಜವಾದ ತೂತು.

ಮಾರ್ಚ್ ಸಂತೆ: ಒಪ್ಪಂದ ಓದುವುದು ಹೇಗೆ

ಒಪ್ಪಂದ ಮುಗಿದವರು ಯಾವ ತಂಡಕ್ಕಾದರೂ ಹೋಗಬಹುದಾದ ಕಾಲಕ್ಕೆ ಫ್ರೀ ಏಜೆನ್ಸಿ ಅನ್ನುತ್ತಾರೆ. 2024ರಲ್ಲಿ ಮಾತುಕತೆ ಮಾರ್ಚ್ 11ಕ್ಕೆ ಶುರು, ಸಹಿ ಮಾರ್ಚ್ 13ರಿಂದ. ಅಮೆರಿಕದ ಪೂರ್ವ ಭಾಗದ ಮಧ್ಯಾಹ್ನ 12 ಅಂದರೆ ಮಾರ್ಚ್‌ನಲ್ಲಿ ನಮಗೆ ರಾತ್ರಿ 9:30. ಊಟ ಮುಗಿಸಿ ಫೋನ್ ಹಿಡಿದರೆ ಸರಿಯಾಗುತ್ತದೆ.

ಮೊದಲು ದುಡ್ಡಿನ ಮಿತಿ. ಐಪಿಎಲ್ ಹರಾಜಿನ ಪರ್ಸ್ ಇದ್ದ ಹಾಗೆ ಇಲ್ಲಿ ಸ್ಯಾಲರಿ ಕ್ಯಾಪ್. 2024ರಲ್ಲಿ ತಂಡಕ್ಕೆ 25 ಕೋಟಿ 54 ಲಕ್ಷ ಡಾಲರ್. ಆದರೆ ಐಪಿಎಲ್ ಪರ್ಸ್‌ಗಿಂತ ಇದು ಜಾಸ್ತಿ ಜಗ್ಗುತ್ತದೆ. ಸಹಿ ಮಾಡಿದಾಗ ಕೈಗೆ ಕೊಡುವ ಬೋನಸ್ಸನ್ನು ಲೆಕ್ಕದಲ್ಲಿ ಐದು ವರ್ಷದವರೆಗೆ ಹಂಚಿ ತೋರಿಸಬಹುದು. ಆಟಗಾರ ಇರುವುದು ಎರಡೇ ವರ್ಷವಾದರೂ ಕಾಗದದ ಮೇಲೆ ಹುಸಿ ವರ್ಷ ಸೇರಿಸಿ ಹಂಚುತ್ತಾರೆ. ಈಗಲ್ಸ್‌ನ ಜನರಲ್ ಮ್ಯಾನೇಜರ್ ಹಾವಿ ರೋಸ್‌ಮನ್ ಇದರಲ್ಲಿ ಪಳಗಿದ ಕೈ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಲ್ಲ, ಇವರು ಮುಂದಿನ ವರ್ಷದ ಹಾಸಿಗೆಯನ್ನೂ ಎಳೆದುಕೊಂಡು ಮಲಗುತ್ತಾರೆ. ಹಾಗಾಗಿ 'ತಂಡದ ಹತ್ತಿರ ದುಡ್ಡಿಲ್ಲ' ಅನ್ನುವ ಸುದ್ದಿಯನ್ನು ಅರ್ಧ ಮಾತ್ರ ನಂಬಿ.

ಈಗ ಒಪ್ಪಂದ. ಸುದ್ದಿಯಲ್ಲಿ ದಪ್ಪಕ್ಷರದಲ್ಲಿ ಬರುವ ಒಟ್ಟು ಮೊತ್ತ ಬರೀ ಬೋರ್ಡು. ಒಳಗೆ ನೋಡಬೇಕಾದ್ದು ಗ್ಯಾರಂಟಿ ದುಡ್ಡು ಎಷ್ಟು ಅಂತ. ಕ್ರಿಕೆಟ್‌ನಲ್ಲಿ ನಾವು ಇದನ್ನು ಕೇಳುವ ಅಭ್ಯಾಸವಿಲ್ಲ. ಎನ್‌ಎಫ್‌ಎಲ್‌ನಲ್ಲಿ ಗ್ಯಾರಂಟಿ ಇಲ್ಲದ ದುಡ್ಡನ್ನು ಕೊಡದೆ ಆಟಗಾರನನ್ನು ಮನೆಗೆ ಕಳಿಸಬಹುದು. ಹಫ್ ಅವರ 5 ಕೋಟಿ 10 ಲಕ್ಷದಲ್ಲಿ ಗ್ಯಾರಂಟಿ 3 ಕೋಟಿ 40 ಲಕ್ಷ. ತಂಡ ನಿಜವಾಗಿ ನಂಬಿದ್ದು ಅಷ್ಟು. ಅದೂ ದೊಡ್ಡ ನಂಬಿಕೆಯೇ, ಅವರದ್ದೂ ನನ್ನದೂ ಒಟ್ಟಿಗೆ ಮುಳುಗಿತು, ಆ ಮಾತು ಬೇರೆ.

ಹಫ್ ಕೆಟ್ಟ ಆಟಗಾರರೇನಲ್ಲ. ಅದರ ಹಿಂದಿನ ವರ್ಷ ಜೆಟ್ಸ್‌ನಲ್ಲಿ 10 ಸ್ಯಾಕ್ ಮಾಡಿದ್ದರು. ಆದರೆ ಅಲ್ಲಿ ಅವರನ್ನು ಹೆಚ್ಚಾಗಿ ಪಾಸ್ ಗ್ಯಾರಂಟಿ ಅನ್ನಿಸುವ ಹೊತ್ತಿಗೆ ಇಳಿಸುತ್ತಿದ್ದರು. ತಲೆ ತಗ್ಗಿಸಿ ನುಗ್ಗುವುದು ಒಂದೇ ಕೆಲಸ. ಫ್ಯಾಂಜಿಯೊ ಆಟದಲ್ಲಿ ಅಂಚಿನವನು ಓಟವನ್ನೂ ತಡೆಯಬೇಕು, ಬೇಕಾದಾಗ ಹಿಂದೆ ಸರಿದು ಪಾಸ್ ಕಾಯಬೇಕು. ಅದಕ್ಕೇ ಪ್ರತಿ ಹೊಸ ಹೆಸರಿಗೂ ಈ ಪ್ರಶ್ನೆ ಕೇಳಿ: ಹಳೇ ತಂಡದಲ್ಲಿ ಇವರು ಮಾಡುತ್ತಿದ್ದ ಕೆಲಸವನ್ನೇ ಇಲ್ಲೂ ಕೇಳುತ್ತಿದ್ದಾರಾ, ಬೇರೆಯದ್ದಾ? ಬೇರೆಯದ್ದಾದರೆ ಆ ಬದಲಾವಣೆಯನ್ನು ಯಾರು ಮಾಡಿಸುತ್ತಾರೆ?

ಉತ್ತರ ಎರಡೂ ಕಡೆ ವಾಲಬಹುದು ಅನ್ನುವುದಕ್ಕೆ ಝ್ಯಾಕ್ ಬಾನ್ ಸಾಕ್ಷಿ. ನಾನು ದಾಟಿಸಿಬಿಟ್ಟ 35 ಲಕ್ಷದ ಹೆಸರು ಇದು. 2020ರ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಸೇಂಟ್ಸ್‌ಗೆ ಹೋದವರು. ನಾಲ್ಕು ವರ್ಷ ಅಲ್ಲಿ ಹೆಚ್ಚಾಗಿ ಸ್ಪೆಷಲ್ ಟೀಮ್ಸ್‌ನಲ್ಲಿ, ಅಂದರೆ ಕಿಕ್ ಹೊಡೆಯುವಾಗ ಓಡುವ ಪಡೆಯಲ್ಲಿ ಆಡಿದರು. ಡಿಫೆನ್ಸ್‌ನಲ್ಲಿ ಸಿಕ್ಕಿದ್ದು ಬಹುಪಾಲು ಅಂಚಿನ ಜಾಗ. ಈಗಲ್ಸ್ ಅವರನ್ನು ಒಂದೇ ವರ್ಷಕ್ಕೆ ತೆಗೆದುಕೊಂಡಿತು. ಫ್ಯಾಂಜಿಯೊ ಅವರನ್ನು ಅಂಚಿನಿಂದ ಎತ್ತಿ ಲೈನ್‌ಬ್ಯಾಕರ್ ಸಾಲಿನ ನಟ್ಟನಡುವೆ ನಿಲ್ಲಿಸಿದರು. ನೋಟ್‌ಬುಕ್ಕಿನ ಎರಡನೇ ಕಾಲಂ, ಅಗಲಕ್ಕೆ ಓಡಬಲ್ಲವನು ಬೇಕು ಅಂತ ಬರೆದ ಜಾಗ. ಆ ವರ್ಷ ಬಾನ್ 151 ಟ್ಯಾಕಲ್ ಮಾಡಿದರು. ಲೀಗಿನ ಆಲ್-ಪ್ರೋ, ಅಂದರೆ ವರ್ಷದ ಶ್ರೇಷ್ಠ ಆಟಗಾರರ ಮೊದಲ ತಂಡಕ್ಕೆ ಆಯ್ಕೆಯಾದರು.

ಇದನ್ನು ಮಾರ್ಚ್‌ನಲ್ಲೇ ಯಾರೂ ಪೂರ್ತಿ ಹೇಳಲಾಗುತ್ತಿರಲಿಲ್ಲ, ನಿಜ. ಆದರೆ ಸುಳಿವು ಇತ್ತು. ಲೈನ್‌ಬ್ಯಾಕರ್ ತೂತು ಇದೆ, ಕೋಚ್ ಲೈನ್‌ಬ್ಯಾಕರ್‌ಗಳನ್ನು ಬೆಳೆಸಿದ ಮನುಷ್ಯ, ಬಂದವನು ಚುರುಕಾಗಿ ಓಡುತ್ತಾನೆ. ಕನಿಷ್ಠ ಆ ಹೆಸರಿನ ಪಕ್ಕ ಒಂದು ಚುಕ್ಕಿ ಇಡಬಹುದಿತ್ತು.

ಅದೇ ಜಾಗಕ್ಕೆ ಇನ್ನೂ ಇಬ್ಬರು ಬಂದಿದ್ದರು. ಡೆವಿನ್ ವೈಟ್ ದೊಡ್ಡ ಹೆಸರು. 2019ರ ಡ್ರಾಫ್ಟ್‌ನಲ್ಲಿ 5ನೆಯವರು, ಟ್ಯಾಂಪಾ ಜೊತೆ ಸೂಪರ್ ಬೌಲ್ ಗೆದ್ದವರು. ಈಗಲ್ಸ್ ಪರ ಒಂದು ಪಂದ್ಯವನ್ನೂ ಆಡದೆ ಅಕ್ಟೋಬರ್‌ನಲ್ಲಿ ಹೊರಬಿದ್ದರು. ಓರೆನ್ ಬರ್ಕ್ಸ್ ಸಣ್ಣ ಹೆಸರು. ಪ್ಲೇಆಫ್ ಮೊದಲ ಪಂದ್ಯದಲ್ಲಿ ಲೈನ್‌ಬ್ಯಾಕರ್ ನಕೋಬಿ ಡೀನ್ ಮಂಡಿಗೆ ಗಾಯ ಮಾಡಿಕೊಂಡಾಗ ಆ ಜಾಗಕ್ಕೆ ಇಳಿದು ಸೂಪರ್ ಬೌಲ್‌ವರೆಗೂ ಆಡಿದವರು ಇವರೇ. ಒಂದು ಜಾಗಕ್ಕೆ ಕಮ್ಮಿ ದುಡ್ಡಿನ ಮೂವರನ್ನು ತಂದರೆ ಅದನ್ನು ಜಿಪುಣತನ ಅನ್ನಬೇಡಿ. ತಂಡಕ್ಕೂ ಯಾರು ಗೆಲ್ಲುತ್ತಾರೆ ಅಂತ ಗೊತ್ತಿಲ್ಲ, ಮೂರು ಬೀಜ ಹಾಕಿ ನೋಡುತ್ತಿದೆ ಅಂತ ಅರ್ಥ.

ಇನ್ನೊಂದು ಹೆಸರು ಚಾನ್ಸಿ ಗಾರ್ಡ್‌ನರ್-ಜಾನ್ಸನ್. ಸೇಫ್ಟಿ. 2022ರಲ್ಲಿ ಇದೇ ತಂಡದಲ್ಲಿದ್ದು ಎದುರಾಳಿಯ 6 ಪಾಸ್ ಕದ್ದವರು (ಇದೇ ಇಂಟರ್‌ಸೆಪ್ಷನ್), ಒಂದು ವರ್ಷ ಡೆಟ್ರಾಯಿಟ್‌ಗೆ ಹೋಗಿ ವಾಪಸ್ ಬಂದರು. ಹಳಬರು ವಾಪಸ್ ಬಂದರೆ ನನಗೆ ನಂಬಿಕೆ ಜಾಸ್ತಿ. ಮನೆಯ ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. 2024ರಲ್ಲೂ 6 ಇಂಟರ್‌ಸೆಪ್ಷನ್ ಮಾಡಿದರು.

ಏಪ್ರಿಲ್: ಡ್ರಾಫ್ಟ್

ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸುವುದು ಡ್ರಾಫ್ಟ್. ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಸರದಿ. ಮೊದಲ ಸುತ್ತು ನಮಗೆ ಶುಕ್ರವಾರ ಬೆಳಿಗ್ಗೆ 5:30ಕ್ಕೆ ಶುರು. ಕಾಫಿ ಜೊತೆ ನೋಡಬಹುದು.

ಇಲ್ಲಿ ಎರಡೇ ವಿಷಯ ನೋಡಿ. ಒಂದು, ತಂಡ ತನ್ನ ಹಳೇ ಚಾಳಿ ಬಿಟ್ಟಿತಾ? ಈಗಲ್ಸ್ 2002ರ ನಂತರ ಮೊದಲ ಸುತ್ತಿನಲ್ಲಿ ಕಾರ್ನರ್‌ಬ್ಯಾಕನ್ನೇ ಆರಿಸಿರಲಿಲ್ಲ. ಅವರ ಪಾಲಿಗೆ ಮೊದಲ ಸುತ್ತು ಅಂದರೆ ಬಹುತೇಕ ಲೈನ್‌ನ ದಪ್ಪ ಆಳುಗಳೇ. 2024ರಲ್ಲಿ 22ನೇ ಸರದಿಯಲ್ಲಿ ಟೊಲೀಡೊ ವಿಶ್ವವಿದ್ಯಾಲಯದ ಕಾರ್ನರ್ ಕ್ವಿನ್ಯಾನ್ ಮಿಚೆಲ್ ಅವರನ್ನು ಆರಿಸಿದರು. 22 ವರ್ಷದ ಅಭ್ಯಾಸ ಮುರಿಯುತ್ತಾರೆ ಅಂದರೆ ತೂತು ಎಷ್ಟು ದೊಡ್ಡದು ಅಂತ ಅವರೇ ಒಪ್ಪಿಕೊಂಡ ಹಾಗೆ.

ಎರಡು, ಯಾರಿಗಾಗಿ ಮೇಲೆ ಹತ್ತಿದರು? ಎರಡನೇ ಸುತ್ತಿನಲ್ಲಿ ಈಗಲ್ಸ್ ಕೈಯಲ್ಲಿ 50 ಮತ್ತು 53ನೇ ಸರದಿ ಇತ್ತು. ಅವೆರಡನ್ನೂ, ಜೊತೆಗೆ 161ನ್ನೂ ವಾಷಿಂಗ್ಟನ್‌ಗೆ ಕೊಟ್ಟು 40, 78, 152 ತೆಗೆದುಕೊಂಡರು. ಅದೂ ತಮ್ಮದೇ ಡಿವಿಜನ್‌ನ, ಅಂದರೆ ತಮ್ಮದೇ ಗುಂಪಿನ ಎದುರಾಳಿ ಜೊತೆ ವ್ಯವಹಾರ. ಆ 40ರಲ್ಲಿ ಬಂದವರು ಅಯೋವಾದ ಕೂಪರ್ ಡಿಜೀನ್. ಕಾಲೇಜಿನ ಕೊನೆಯ ಸೀಸನ್‌ನಲ್ಲಿ ಕಾಲಿನ ಮೂಳೆ ಮುರಿದಿತ್ತು, ಅದಕ್ಕೇ ಅಷ್ಟು ಕೆಳಗೆ ಸಿಕ್ಕರು ಅನ್ನುವುದು ಆಗಿನ ಮಾತು. ಮೇಲೆ ಹತ್ತಲು ಬೆಲೆ ಕೊಟ್ಟ ಆಟಗಾರನಿಗೆ ತಂಡ ಜಾಗವನ್ನೂ ಮೊದಲೇ ಯೋಚಿಸಿಟ್ಟಿರುತ್ತದೆ. ನೋಟ್‌ಬುಕ್ಕಿನಲ್ಲಿ ಆ ಹೆಸರಿಗೆ ಎರಡು ಗೆರೆ ಎಳೆಯಿರಿ.

ಉಳಿದ ಸುತ್ತುಗಳನ್ನು ನಾನು ನೋಡುವುದಿಲ್ಲ. ಪಟ್ಟಿ ಮಾತ್ರ ಓದುತ್ತೇನೆ.

ಆಗಸ್ಟ್: ಸ್ಕೋರ್ ಬಿಡಿ, ನಿಂತ ಜಾಗ ನೋಡಿ

ಅಭ್ಯಾಸ ಪಂದ್ಯಗಳ ಫಲಿತಾಂಶಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಮುಖ್ಯ ಆಟಗಾರರು ಬಹಳ ಸಲ ಆಡುವುದೇ ಇಲ್ಲ. ಆದರೆ ಕ್ಯಾಂಪ್ ವರದಿಗಳಲ್ಲಿ ಒಂದು ಸಾಲು ಹುಡುಕಿ: ಮೊದಲ ತಂಡದ ಜೊತೆ ಯಾರು ಓಡುತ್ತಿದ್ದಾರೆ? ವೈಟ್‌ಗಿಂತ ಬಾನ್ ಹೆಸರು ಜಾಸ್ತಿ ಕೇಳಿಸುತ್ತಿತ್ತು. ಡಿಜೀನ್ ಅವರು ತೊಡೆಯ ಸ್ನಾಯು ನೋವಿನಿಂದ ಕ್ಯಾಂಪ್‌ನ ಸಾಕಷ್ಟು ದಿನ ಹೊರಗಿದ್ದರು. ಹಾಗಾಗಿ ಸೀಸನ್ ಶುರುವಾದಾಗ ಸ್ಲಾಟ್ ಜಾಗದಲ್ಲಿ ಹಳಬ ಅವಾಂಟೆ ಮ್ಯಾಡಕ್ಸ್ ನಿಂತಿದ್ದರು.

ಮೊದಲ ನಾಲ್ಕು ವಾರ ಬಾಯಿ ಮುಚ್ಚಿಕೊಂಡಿರಿ

ನನಗೆ ತುಂಬಾ ಕಷ್ಟವಾದ ಹಂತ ಇದು. ಈಗಲ್ಸ್ ಮೊದಲ ಪಂದ್ಯವನ್ನು ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಆಡಿತು. ಗ್ರೀನ್ ಬೇ ವಿರುದ್ಧ 34-29ರಿಂದ ಗೆದ್ದರೂ 29 ಅಂಕ ಬಿಟ್ಟರು. ಎರಡನೇ ವಾರ ಅಟ್ಲಾಂಟಾ ಎದುರು ಕೊನೇ ನಿಮಿಷದಲ್ಲಿ 22-21ರಿಂದ ಸೋತರು. ನಾಲ್ಕನೇ ವಾರ ಮತ್ತೆ ಅದೇ ಟ್ಯಾಂಪಾ, ಮತ್ತೆ ಸೋಲು, 33-16. ಲೆಕ್ಕ 2-2.

ಭಾವ ಬೆಳಿಗ್ಗೆಯೇ ಫೋನ್ ಮಾಡಿದರು. "ಏನಪ್ಪಾ, ಮುಟ್ಟೋಕಾಗಲ್ಲ ಅಂದಿದ್ದೆ?"

"ಭಾವ, ನೀವು ನಿಮ್ಮ ಜೈಂಟ್ಸ್ ನೋಡ್ಕೊಳ್ಳಿ" ಅಂದೆ. ಒಳಗೊಳಗೇ ನಾನೂ ಕೈಬಿಟ್ಟಿದ್ದೆ.

ಕೈಬಿಡುವ ಬದಲು ಸ್ನ್ಯಾಪ್ ಲೆಕ್ಕ ತೆಗೆದು ನೋಡಬೇಕಿತ್ತು. ಚೆಂಡು ಆಟಕ್ಕೆ ಬಂದ ಪ್ರತಿ ಸಲಕ್ಕೂ ಒಂದು ಸ್ನ್ಯಾಪ್. ಪ್ರತಿ ಪಂದ್ಯದ ಮರುದಿನ ಯಾರು ಎಷ್ಟು ಸ್ನ್ಯಾಪ್ ಆಡಿದರು ಅಂತ ಪ್ರಕಟವಾಗುತ್ತದೆ. ಡಿಫೆನ್ಸ್ ಅಂಕಕ್ಕಿಂತ ಇದನ್ನು ನಂಬಿ. ಕೋಚ್ ಬಾಯಲ್ಲಿ ಎಲ್ಲರನ್ನೂ ಹೊಗಳುತ್ತಾರೆ, ಸ್ನ್ಯಾಪ್ ಕೊಡುವಾಗ ಮಾತ್ರ ಸುಳ್ಳು ಹೇಳುವುದಿಲ್ಲ. ವಾರದಿಂದ ವಾರಕ್ಕೆ ಯಾರದ್ದು ಏರುತ್ತಿದೆ, ಯಾರದ್ದು ಇಳಿಯುತ್ತಿದೆ ಬರೆದುಕೊಳ್ಳಿ.

ಐದನೇ ವಾರ ಈಗಲ್ಸ್‌ಗೆ ಬಿಡುವು. ಬಿಡುವಿನ ವಾರ ಅಂದರೆ ಕೋಚ್ ಮಾರ್ಚ್‌ನಲ್ಲಿ ಮಾಡಿದ ತಪ್ಪನ್ನು ಯಾರಿಗೂ ಹೇಳದೆ ತಿದ್ದಿಕೊಳ್ಳುವ ವಾರ. ವೈಟ್ ಹೊರಗೆ ಹೋಗಿದ್ದು ಆಗಲೇ. ಆರನೇ ವಾರ ಕ್ಲೀವ್‌ಲ್ಯಾಂಡ್ ವಿರುದ್ಧ ಸ್ಲಾಟ್‌ನಲ್ಲಿ ಮ್ಯಾಡಕ್ಸ್ ಬದಲು ಡಿಜೀನ್ ನಿಂತಿದ್ದರು. ಹಫ್ ಪಾಲು ಕರಗುತ್ತಾ ಹೋಯಿತು, ನವೆಂಬರ್‌ನಲ್ಲಿ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯೂ ಆಯಿತು. ಬಿಡುವಿನ ನಂತರದ 13 ಪಂದ್ಯಗಳಲ್ಲಿ ತಂಡ ಸೋತಿದ್ದು ಒಂದೇ.

ಒಂದು ದೃಶ್ಯ ಹೇಳುತ್ತೇನೆ. ಡಿಸೆಂಬರ್ 1, ಬಾಲ್ಟಿಮೋರ್. ಎದುರಾಳಿ ತಂಡದ ಡೆರಿಕ್ ಹೆನ್ರಿ ಚೆಂಡು ಹಿಡಿದು ಬರುತ್ತಿದ್ದಾರೆ. ಸುಮಾರು 112 ಕಿಲೊ ತೂಕದ ಆಳು. ಅವರು ಓಡಿ ಬಂದರೆ ಎಷ್ಟೋ ಕಾರ್ನರ್‌ಗಳು ಹಿಡಿದಂತೆ ಮಾಡಿ ಪಕ್ಕಕ್ಕೆ ಸರಿಯುವುದನ್ನು ನೋಡಿದ್ದೇನೆ. ಎದುರಿಗೆ ಡಿಜೀನ್, 20 ಕಿಲೊ ಕಮ್ಮಿ, ಸುತ್ತ ಸಹಾಯಕ್ಕೆ ಯಾರೂ ಇಲ್ಲ. ಹುಡುಗ ತಗ್ಗಿ, ಸೊಂಟಕ್ಕೆ ಕೈ ಹಾಕಿ, ನೆಲದಿಂದ ಎತ್ತಿ ಹಿಂದಕ್ಕೆ ಕೆಡವಿದ. ನಾನು ಬೆಳಗಿನ ಜಾವ ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಟ್ಯಾಂಪಾದಲ್ಲಿ 32-9 ಸೋತ ರಾತ್ರಿ ನೋಟ್‌ಬುಕ್ಕಿನ ಮೂರನೇ ಕಾಲಂನಲ್ಲಿ ಬೀಳಬೇಕಾಗಿದ್ದ ಗೆರೆಗಳಿಗೆ ಅದು ಉತ್ತರ.

ಕೊನೆಯ ಪರೀಕ್ಷೆ

2025ರ ಫೆಬ್ರವರಿ 9, ನ್ಯೂ ಆರ್ಲಿಯನ್ಸ್, ಸೂಪರ್ ಬೌಲ್. ನಮಗೆ ಸೋಮವಾರ ಬೆಳಗಿನ ಜಾವ 5 ಗಂಟೆ. ಎದುರಾಳಿ ಕಾನ್ಸಾಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಮಹೋಮ್ಸ್ ಪಾಸ್ ಎಸೆಯಲು 42 ಸಲ ಹಿಂದೆ ಸರಿದರು. ಈಗಲ್ಸ್ ಒಮ್ಮೆಯೂ ಬ್ಲಿಟ್ಜ್ ಮಾಡಲಿಲ್ಲ. ನಾಲ್ಕೇ ಜನ ನುಗ್ಗಿ 6 ಸ್ಯಾಕ್ ಮಾಡಿದರು. ಸ್ವೆಟ್ ಪಾಲು ಎರಡೂವರೆ, ಮಿಲ್ಟನ್ ವಿಲಿಯಮ್ಸ್ ಪಾಲು ಎರಡು. ಇಬ್ಬರೂ ಮನೆಯಲ್ಲೇ ಬೆಳೆದವರು. ಅವತ್ತೇ 22 ತುಂಬಿದ ಡಿಜೀನ್ ಒಂದು ಪಾಸ್ ಕದ್ದು 38 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಸ್ವಲ್ಪ ಹೊತ್ತಿಗೆ ಬಾನ್ ಇನ್ನೊಂದನ್ನು ಕದ್ದರು. ಅರ್ಧ ಮುಗಿದಾಗ 24-0. ಕಾನ್ಸಾಸ್ ಸಿಟಿ ಆ ಅರ್ಧದಲ್ಲಿ ಮುಂದೆ ಹೋಗಿದ್ದು 23 ಯಾರ್ಡ್ ಮಾತ್ರ. ಕೊನೆಗೆ 40-22.

ಗೆದ್ದ ಮೇಲೆ ನೋಟ್‌ಬುಕ್ ಮುಚ್ಚಬೇಡಿ. ಚೆನ್ನಾಗಿ ಆಡಿದವರ ರೇಟು ಏರುತ್ತದೆ, ತಂಡ ಮತ್ತೆ ತೂತಾಗುತ್ತದೆ. ಒಂದೇ ತಿಂಗಳಲ್ಲಿ ವಿಲಿಯಮ್ಸ್ 4 ವರ್ಷಕ್ಕೆ 10 ಕೋಟಿ 40 ಲಕ್ಷ ಡಾಲರ್ ಪಡೆದು ನ್ಯೂ ಇಂಗ್ಲೆಂಡ್‌ಗೆ ಹೋದರು. ಸ್ವೆಟ್ ಅರಿಝೋನಾಗೆ, ಕಾರ್ನರ್ ಡೇರಿಯಸ್ ಸ್ಲೇ ಪಿಟ್ಸ್‌ಬರ್ಗ್‌ಗೆ, ಗಾರ್ಡ್‌ನರ್-ಜಾನ್ಸನ್ ಹ್ಯೂಸ್ಟನ್‌ಗೆ. ಹೀಗೆ ದೊಡ್ಡ ಒಪ್ಪಂದಕ್ಕೆ ಹೋದವರು ಜಾಸ್ತಿ, ಬಂದವರು ಕಮ್ಮಿ ಆದರೆ ಲೀಗ್ ಮುಂದಿನ ವರ್ಷ ಮೂರನೇ ಸುತ್ತಿನಿಂದ ಕೆಳಗೆ ಹೆಚ್ಚುವರಿ ಡ್ರಾಫ್ಟ್ ಸರದಿ ಕೊಡುತ್ತದೆ. ತಂಡವೇ ಬಿಟ್ಟು ಕಳಿಸಿದವರಿಗೆ, ವಿನಿಮಯದಲ್ಲಿ ಕೊಟ್ಟವರಿಗೆ ಅದು ಸಿಗುವುದಿಲ್ಲ. ಹೋದವರ ಪಟ್ಟಿಯ ಪಕ್ಕ ಇದನ್ನೂ ಗುರುತು ಹಾಕಿಕೊಳ್ಳಿ.

ಬಾನ್ ಮಾತ್ರ ಉಳಿದರು. ಹೊಸ ಒಪ್ಪಂದದ ಸುದ್ದಿ ಬಂದಾಗ ನಾನು ಈ ಸಲ ಎರಡು ಸಲ ಓದಿದೆ. 3 ವರ್ಷ, 5 ಕೋಟಿ 10 ಲಕ್ಷ ಡಾಲರ್, ಗ್ಯಾರಂಟಿ 3 ಕೋಟಿ 40 ಲಕ್ಷ. ಹಿಂದಿನ ಮಾರ್ಚ್‌ನಲ್ಲಿ ಹಫ್‌ಗೆ ಬರೆದ ಚೀಟಿಯೇ, ಹೆಸರು ಮಾತ್ರ ಬೇರೆ. ಸ್ಕ್ರೀನ್‌ಶಾಟ್ ತೆಗೆದು ಭಾವನಿಗೆ ಕಳಿಸಿದೆ. "ಈಗ ಸರಿಯಾದ ಮನೆಗೆ ಹೋಯ್ತು ಬಿಡು" ಅಂತ ಉತ್ತರ ಬಂತು. ಆಮೇಲೆ ಇನ್ನೊಂದು ಸಾಲು: "ಆ ನೋಟ್‌ಬುಕ್ ಫೋಟೋ ಕಳಿಸು. ಜೈಂಟ್ಸ್‌ಗೂ ಒಂದು ಮಾಡ್ತೀನಿ."